ಜಗಳಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು

1957, ಜನವರಿ 7, ಸೋಮವಾರ

ಇಂದಿನಿಂದ ದಿನಚರಿ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಆಫೀಸಿನಲ್ಲಿ ನಡೆದ ಒಂದು ಸಂಗತಿಯೇ ಇದಕ್ಕೆ ಕಾರಣ.

ಹೋದ ನವೆಂಬರಿನಲ್ಲಿ ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಕೂಡಲೆ, ಯಳಂದೂರಿನಲ್ಲಿ ನೆಮ್ಮದಿಯಾಗಿದ್ದ ನನ್ನನ್ನು ಇಲ್ಲಿಗೆ ಎತ್ತಿ ಹಾಕಿದರು. ಹಳ್ಳಿಯವರು ಕೊಡುವ ತಕರಾರು ಅರ್ಜಿಗಳನ್ನು ಇಂಗ್ಲಿಷಿಗೆ ತಿರುಗಿಸಿ ಮೇಲಿನವರಿಗೆ ಕಳಿಸುವುದು ನನ್ನ ಕೆಲಸ. ಈ ದಿನ ಸಾಹೇಬರು ನನ್ನ ಏಳು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಕರೆಸಿದರು. ಮಧುವನಹಳ್ಳಿಯಲ್ಲಿ ಅಣ್ಣತಮ್ಮಂದಿರು ಹುಣಸೆಮರದ ಕೆಳಗೆ ಬಡಿದಾಡಿಕೊಂಡದ್ದು, ಕುಂತೂರಿನಲ್ಲಿ ಇಬ್ಬರು ಹೆಂಗಸರು ಕೋಳಿಯ ಸಲುವಾಗಿ ಬೈದಾಡಿಕೊಂಡದ್ದು, ಸಂತೆಯಲ್ಲಿ ಹದಿನಾಲ್ಕು ಜನ ಒಬ್ಬರ ಮೇಲೊಬ್ಬರು ಬಿದ್ದದ್ದು, ಎಲ್ಲಕ್ಕೂ ನಾನು ‘ಕ್ವಾರಲ್’ ಎಂದೇ ಬರೆದಿದ್ದೆ.

“ಶಿವನಂಜಯ್ಯನವರೇ, ಜನ ಏಳು ಥರ ಜಗಳ ಆಡಿದ್ದಾರೆ. ನೀವು ಒಂದೇ ಥರ ಆಡಿಸಿದ್ದೀರಿ” ಎಂದರು ಸಾಹೇಬರು.

ಮಾರ್ಚ್ ಒಂಬತ್ತಕ್ಕೆ ಮೈಸೂರಿನಲ್ಲಿ ಭಾಷಾಂತರಕಾರರ ಪರೀಕ್ಷೆ ಇದೆ. ಪಾಸಾದರೆ ಈ ಹುದ್ದೆ ಕಾಯಂ. ಇಲ್ಲವಾದರೆ ಮತ್ತೆ ನಕಲು ಬರೆಯುವ ಬೆಂಚಿಗೆ. ಆದ್ದರಿಂದ ಜಗಳಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರಿದೆಯೋ ಅಷ್ಟನ್ನೂ ಕಲಿತು, ದಿನವೂ ಇಲ್ಲಿ ಬರೆದಿಡುತ್ತೇನೆ.

ಓದಲು ಅನುಕೂಲವೂ ಇದೆ. ಮನೆಯಲ್ಲಿ ಗದ್ದಲವಿಲ್ಲ. ನನ್ನ ಹೆಂಡತಿ ಪುಟ್ಟಗೌರಮ್ಮ ತವರಿಗೆ, ಹನೂರಿನ ಆಚೆ ಶಾಗ್ಯಕ್ಕೆ, ಹೋಗಿದ್ದಾಳೆ. ಅವಳು ಇದ್ದಾಗಲೂ ಗದ್ದಲವಿರಲಿಲ್ಲವೆನ್ನಿ. ನಾನು ಹುಟ್ಟಿದಾಗಿನಿಂದ ದನಿ ಎತ್ತಿ ಮಾತನಾಡಿದವನಲ್ಲ.

ಜನವರಿ 9, ಬುಧವಾರ

ಹೆಡ್ ಗುಮಾಸ್ತರಾದ ಕೆಂಪನಂಜಪ್ಪನವರು ತಮ್ಮ ಹಳೆಯ ನಿಘಂಟು ಕೊಟ್ಟರು. ಅದರಲ್ಲಿ ‘ಕ್ವಾರಲ್’ ಇರುವ ಪುಟವನ್ನೇ ಗೆದ್ದಲು ತಿಂದಿದೆ. ಒಳ್ಳೆಯದೇ ಆಯಿತು, ಅದೊಂದು ನನಗೆ ಗೊತ್ತಿದೆ.

ಇಂದಿನ ಪದಗಳು. ಸ್ಕ್ವಾಬಲ್: ಅಲ್ಪ ವಿಷಯಕ್ಕೆ ಆಡುವ ಗದ್ದಲದ ಜಗಳ. ಆಲ್ಟರ್ಕೇಷನ್: ಬಿಸಿಯೇರಿದ ವಾಗ್ವಾದ, ಕೈ ತಾಗಬಾರದು. ಬ್ರಾಲ್: ಕೈ ತಾಗಬೇಕು. ಅಫ್ರೇ: ನಾಲ್ಕು ಜನ ಓಡಾಡುವ ಜಾಗದಲ್ಲಿ ಹೊಡೆದಾಡಬೇಕು, ನೋಡಿದವರು ಹೆದರಬೇಕು. ಯಾರೂ ಹೆದರದಿದ್ದರೆ ಅಫ್ರೇ ಆಗುವುದಿಲ್ಲ.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ನಾವಿರುವುದು ಮಗ್ಗದವರ ಬೀದಿ. ಅಂಗಳದ ಮೋಟುಗೋಡೆಯಾಚೆ ರೇಷ್ಮೆ ನೇಯುವ ದೇವಣ್ಣ, ಅವನ ಹೆಂಡತಿ ದೇವೀರಮ್ಮ. ಇಬ್ಬರಿಗೂ ಐವತ್ತು ದಾಟಿದೆ. ಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದಾರೆ. ಬೆಳಗ್ಗೆ ಕೋಳಿ ಕೂಗಿದ ಮೇಲೆ ಇವರು ಕೂಗುತ್ತಾರೆ. ಈ ದಿನ ದೇವಣ್ಣ ಲಾಳಿ ಎಲ್ಲಿ ಎಂದು ಕೂಗಾಡಿದ. ಅದು ಅವನ ಮೊಣಕಾಲ ಬಳಿಯೇ ಇತ್ತಂತೆ. ಅಲ್ಲಿಂದ ಶುರುವಾದದ್ದು ಅವಳ ಅಣ್ಣನ ಮದುವೆಯಲ್ಲಿ ಇವನಿಗೆ ಪಾಯಸ ಬಡಿಸದೆ ಬಿಟ್ಟದ್ದರವರೆಗೆ ಹೋಯಿತು. ಆಮೇಲೆ ಅವಳೇ ಅವನನ್ನು ಊಟಕ್ಕೆ ಕರೆದಳು.

ಲಾಳಿಯ ತನಕ ಸ್ಕ್ವಾಬಲ್. ಪಾಯಸದಿಂದ ಮುಂದೆ ಆಲ್ಟರ್ಕೇಷನ್.

ಜನವರಿ 14, ಸಂಕ್ರಾಂತಿ

ದೇವೀರಮ್ಮ ಎಳ್ಳುಬೆಲ್ಲ ತಂದುಕೊಟ್ಟಳು. ಗೌರಮ್ಮ ಹಬ್ಬಕ್ಕೂ ಬರಲಿಲ್ಲವೇ ಎಂದು ಕೇಳಿದಳು. ಬರುತ್ತಾಳೆ ಎಂದೆ. ಯಾವಾಗ ಎಂದಳು. ಅನುಕೂಲವಾದಾಗ ಎಂದೆ.

“ಜಗ್ಳ ಆಡ್ಕಂಡು ಓದ್ಲಾ?” ಎಂದು ನೇರವಾಗಿ ಕೇಳಿಬಿಟ್ಟಳು.

ಮದುವೆಯಾಗಿ ಮೂರು ವರ್ಷದಲ್ಲಿ ನಾವು ಒಂದು ದಿನವೂ ಜಗಳವಾಡಿಲ್ಲ ಎಂದು ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ “ಅಯ್ಯೋ ಪಾಪ” ಎಂದು ಹೊರಟುಹೋದಳು. ಅವಳಿಗೆ ನನ್ನ ಮಾತು ಸರಿಯಾಗಿ ಅರ್ಥವಾಗಲಿಲ್ಲವೆಂದು ಕಾಣುತ್ತದೆ.

ಜನವರಿ 16, ಬುಧವಾರ

ರೌ. ಇದು ವಿಚಿತ್ರ. ಬರೆಯುವ ಮೂರು ಅಕ್ಷರ ಅವೇ. ‘ರೋ’ ಎಂದರೆ ಸಾಲು, ‘ರೌ’ ಎಂದರೆ ಗಲಾಟೆ. ಬಾಯಿ ಸ್ವಲ್ಪ ಹೆಚ್ಚು ತೆರೆಯಬೇಕು, ಅಷ್ಟೇ.

ಜನವರಿ 22, ಮಂಗಳವಾರ

ಪದ ಕಲಿಯಲು ಮನಸ್ಸು ನಿಲ್ಲಲಿಲ್ಲ. ದೇವೀರಮ್ಮನ ಪ್ರಶ್ನೆಗೆ ಸರಿಯಾದ ಉತ್ತರವನ್ನು ಇಲ್ಲಿ ಬರೆದಿಡುವುದು ಒಳ್ಳೆಯದು.

ನವೆಂಬರ್ ಹದಿನೇಳಕ್ಕೆ, ಏಳನೆಯ ತಿಂಗಳಿನಲ್ಲೇ, ಪುಟ್ಟಗೌರಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಒಂದು ಹಗಲು ಇತ್ತು, ಸಂಜೆಗೆ ಹೋಯಿತು. ಮಾರನೆಯ ದಿನ ನಾನು ಆಫೀಸಿಗೆ ಹೋದೆ. ಮದರಾಸಿನವರಿಂದ ಬಂದ ಕಡತಗಳನ್ನು ಪಟ್ಟಿ ಮಾಡುವ ಕೆಲಸ ತುಂಬ ಇತ್ತು. ಹನ್ನೊಂದನೆಯ ದಿನ ಅವಳು ಇದ್ದಕ್ಕಿದ್ದಂತೆ ಗೋಡೆಗೆ ತಲೆ ಆನಿಸಿಕೊಂಡು ಜೋರಾಗಿ ಕಿರುಚಿದಳು, ನನ್ನನ್ನು ಏನೇನೋ ಅಂದಳು. ನಾನು ಒಂದೇ ಮಾತು ಹೇಳಿದೆ. ಮೆಲ್ಲಗೆ, ಅಕ್ಕಪಕ್ಕದವರಿಗೆ ಕೇಳಿಸುತ್ತೆ ಎಂದೆ. ಅವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. ಆಮೇಲೆ ಬೇಕು ಬೇಡ ಏನೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಅವಳ ತಂದೆ ಬಂದು ಕರೆದುಕೊಂಡು ಹೋದರು.

ಒಟ್ಟಿನಲ್ಲಿ ಜಗಳವೇನೂ ನಡೆಯಲಿಲ್ಲ.

ಜನವರಿ 27, ಭಾನುವಾರ

ಶಾಗ್ಯಕ್ಕೆ ಹೋಗಿಬಂದೆ. ಹನೂರಿನವರೆಗೆ ಬಸ್ಸು, ಅಲ್ಲಿಂದ ಗಾಡಿ. ಮಾವ ದೊಡ್ಡಮಾದಯ್ಯನವರು ಹೊಲದಿಂದ ಎದ್ದು ಬಂದು ಕಾಲಿಗೆ ನೀರು ಕೊಡಿಸಿದರು. ಅತ್ತೆ ಮಾದೇವಮ್ಮನವರು ಒಬ್ಬಟ್ಟು ಮಾಡಿದ್ದರು. ಪುಟ್ಟಗೌರಮ್ಮ ಬಡಿಸಿದಳು. ಕ್ಷೇಮವೇ ಎಂದೆ. ಕ್ಷೇಮ ಎಂದಳು. ಇನ್ನೊಂದು ಒಬ್ಬಟ್ಟು ಹಾಕಿದಳು. ಈ ವರ್ಷ ಅವರೆ ಚೆನ್ನಾಗಿ ಬಂದಿದೆ ಎಂದು ಮಾವನವರು ಹೇಳಿದರು. ಮೂರು ಗಂಟೆಗೆ ಹೊರಟೆ.

ಭೇಟಿ ತುಂಬ ಚೆನ್ನಾಗಿ ನಡೆಯಿತು. ಯಾವ ಅಹಿತಕರ ಮಾತೂ ಬರಲಿಲ್ಲ.

ಜನವರಿ 29, ಮಂಗಳವಾರ

ನಿಘಂಟಿನಲ್ಲಿ ಒಂದು ನುಡಿಗಟ್ಟು ಸಿಕ್ಕಿತು. ಇಬ್ಬರ ನಡುವೆ ‘ಮಾತುಗಳಿದ್ದವು’ ಎಂದು ಇಂಗ್ಲಿಷಿನವರು ಹೇಳಿದರೆ ಅವರು ಜಗಳವಾಡಿದರು ಎಂದು ಅರ್ಥವಂತೆ. ನಮ್ಮಲ್ಲಿ ತದ್ವಿರುದ್ಧ. ಅವರಿಬ್ಬರಿಗೂ ಮಾತಿಲ್ಲ ಎಂದರೆ ಜಗಳ ಎಂದು ಅರ್ಥ.

ಯಾರು ಸರಿ ಎಂದು ಕೆಂಪನಂಜಪ್ಪನವರನ್ನು ಕೇಳಿದೆ. ಅವರು ನಶ್ಯ ಏರಿಸುತ್ತ, ಪರೀಕ್ಷೆಗೆ ಇಂಗ್ಲಿಷಿನವರು ಸರಿ, ಸಂಸಾರಕ್ಕೆ ನಮ್ಮವರು ಸರಿ ಎಂದರು. ಅವರ ಮಾತು ಯಾವಾಗಲೂ ಹೀಗೆಯೇ, ಬರೆದುಕೊಳ್ಳಲು ಬರುವುದಿಲ್ಲ.

ಫೆಬ್ರವರಿ 4, ಸೋಮವಾರ

ನಾಚಿಕೆಯ ಸಂಗತಿ. ಗೋಡೆಯ ಪಕ್ಕ ಪುಸ್ತಕ ಹಿಡಿದು ಕುಳಿತಿದ್ದಾಗ ದೇವೀರಮ್ಮ ಈಚೆಗೆ ಇಣುಕಿ ನೋಡಿಬಿಟ್ಟಳು. ಬೇರೆ ದಾರಿಯಿಲ್ಲದೆ, ಅವರ ಜಗಳ ಕೇಳಿ ಪದ ಅಭ್ಯಾಸ ಮಾಡುತ್ತಿದ್ದೇನೆಂದು ಇದ್ದದ್ದನ್ನು ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ದೇವಣ್ಣನನ್ನೂ ಕರೆದಳು.

ನಮ್ಮ ಇವತ್ತಿನ ಜಗಳ ಯಾವ ಜಾತಿಯದು ಎಂದು ಇಬ್ಬರೂ ಗೋಡೆಯ ಮೇಲೆ ಗಲ್ಲ ಊರಿ ಕೇಳಿದರು. ಉಪ್ಪು ಜಾಸ್ತಿಯಾದದ್ದರ ಜಗಳ. ಸ್ಕ್ವಾಬಲ್ ಎಂದೆ, ಅರ್ಥವನ್ನೂ ಹೇಳಿದೆ. ಇಬ್ಬರ ಮುಖವೂ ಸಣ್ಣದಾಯಿತು.

“ಮೂವತ್ ವರ್ಸದಿಂದ ಆಡ್ತಾ ಇವ್ನಿ. ಅಷ್ಟೇನಾ ಸಾ?” ಎಂದ ದೇವಣ್ಣ.

ಫೆಬ್ರವರಿ 6, ಬುಧವಾರ

ಬೆಳಗ್ಗೆ ಗೋಡೆಯಾಚೆ ಭಾರಿ ಗಲಾಟೆ. ಪಾತ್ರೆಯೊಂದು ಅಂಗಳಕ್ಕೆ ಬಿತ್ತು. ಎದುರು ಮನೆಯ ರಾಮಮ್ಮನವರು ಬಾಗಿಲಿಗೆ ಬಂದರು. ಎರಡು ನಿಮಿಷದ ಮೇಲೆ ದೇವೀರಮ್ಮ ಮೂಗಿನ ಬೆವರು ಒರೆಸಿಕೊಳ್ಳುತ್ತ ಗೋಡೆಯ ಮೇಲೆ ಕಾಣಿಸಿಕೊಂಡಳು. ಇದು ಯಾವುದು ಎಂದು ಕೇಳಿದಳು. ನನಗಾಗಿ ಆಡಿದ ಜಗಳ ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಅವಳಿಗೆ ಬೇಸರವಾಯಿತು. ಪಾಪ, ಅಪ್ರೋರ್, ಅಂದರೆ ಭಾರಿ ಗದ್ದಲ, ಎಂದು ಹೇಳಬಹುದಾಗಿತ್ತು.

ಫೆಬ್ರವರಿ 11, ಸೋಮವಾರ

ಮೂರು ದಿನದಿಂದ ಪಕ್ಕದ ಮನೆ ನಿಶ್ಶಬ್ದ. ಮಗ್ಗದ ಸದ್ದೂ ಇಲ್ಲ. ಓದಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೂ ಒಂದು ಪುಟವೂ ತಲೆಗೆ ಹೋಗಲಿಲ್ಲ.

ಫೆಬ್ರವರಿ 13, ಬುಧವಾರ

ಇಂದು ಆಫೀಸಿನಿಂದ ಬಂದವನು ಗೋಡೆಯ ಬಳಿ ನಿಂತು ದೇವೀರಮ್ಮನನ್ನು ವಿಚಾರಿಸಿದೆ. ಅವಳು ಅಂಗಳದಲ್ಲಿ ಸುಮ್ಮನೆ ಕುಳಿತಿದ್ದಳು. ಅವಳು ಹಾಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ.

ದೇವಣ್ಣನ ಕಣ್ಣು ಮಂಜಾಗುತ್ತಿದೆ. ಹೋದ ವಾರ ನೇಯ್ದ ಸೀರೆಯಲ್ಲಿ ಅಂಚಿನ ಎಳೆ ತಪ್ಪಿ, ಕೊಳ್ಳುವವರು ಅದನ್ನು ಹಿಂದಕ್ಕೆ ಕಳಿಸಿದರು. ಕಣ್ಣು ತೋರಿಸಿಕೋ ಎಂದು ಇವಳು ಹೇಳಿದ್ದಕ್ಕೆ ಅವನು ಲಾಳಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ಮಲಗಿದವನು ಮಾತೇ ಆಡುತ್ತಿಲ್ಲ.

“ಕೂಗಾಡ್ತಾ ಇದ್ರೆ ನನ್ಗೆ ಏನೂ ಬಯ ಇಲ್ಲ ಸಾ” ಎಂದಳು ದೇವೀರಮ್ಮ. “ಇಂಗೆ ಸುಮ್ಕಿದ್ರೆ, ಒಳಗೆ ಏನು ನಡೀತೈತೆ ಅಂತ ಎಂಗೆ ಗೊತ್ತಾಗ್ಬೇಕು? ಬಾಗ್ಲಾಕಿದ್ ಮನೆ ಮುಂದೆ ಕುಂತಂಗಾಯ್ತದೆ.”

ನಾನು ಅವರ ಮನೆಯೊಳಕ್ಕೆ ಹೋದೆ. ದೇವಣ್ಣನಿಗೆ ಕಣ್ಣಿನ ವಿಚಾರವಾಗಿ ನಾಲ್ಕು ಮಾತು ತಿಳಿಸಿ ಹೇಳಿದೆ. ಹೆಂಡತಿ ಎದುರಿಗೆ ಕುಳಿತು ನವೆಯುತ್ತಿರುವಾಗ ಗೋಡೆಗೆ ಮುಖ ಮಾಡಿ ಮಲಗುವುದು ಗಂಡಸಿನ ಲಕ್ಷಣವಲ್ಲ ಎಂದೂ, ಕಣ್ಣು ಹೋದರೆ ಹೋಯಿತು ಬಾಯಿಯೂ ಹೋಗಿದೆಯೇ ಎಂದೂ ಕೇಳಿದೆ. ಅವನು ಎದ್ದು ಕುಳಿತ. ನೀವ್ಯಾರು ಕೇಳಕ್ಕೆ ಎಂದ. ನಾನು ಉತ್ತರ ಕೊಟ್ಟೆ. ಅವನೂ ಕೊಟ್ಟ. ಕೊನೆಗೆ ಶನಿವಾರ ನನ್ನ ಜೊತೆ ಮೈಸೂರಿನ ದೊಡ್ಡಾಸ್ಪತ್ರೆಗೆ ಬರಲು ಒಪ್ಪಿದ.

ಹೊರಗೆ ಬಂದರೆ ರಾಮಮ್ಮನವರೂ ಇನ್ನು ಐದಾರು ಜನರೂ ಬೀದಿಯಲ್ಲಿ ನಿಂತಿದ್ದರು. ಏನು ವಿಶೇಷವೆಂದು ಕೇಳಿದೆ. ರಾಮಮ್ಮನವರು ನನ್ನನ್ನೇ ನೋಡುತ್ತ ಒಳಗೆ ಹೋದರು. ನನ್ನ ಗಂಟಲು ಯಾಕೋ ಕೆರೆಯುತ್ತಿದೆ. ಚಳಿಗಾಲ ಇನ್ನೂ ಮುಗಿದಿಲ್ಲ.

ಫೆಬ್ರವರಿ 16, ಶನಿವಾರ

ರಜೆ ಹಾಕಿ ದೇವಣ್ಣನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಭಯಪಡುವಂಥದ್ದೇನೂ ಇಲ್ಲ, ಕನ್ನಡಕ ಸಾಕು ಎಂದರು ಡಾಕ್ಟರು. ವಾಪಸು ಬರುವಾಗ ದೇವಣ್ಣ ದಾರಿಯುದ್ದಕ್ಕೂ ಹೆಂಡತಿಯನ್ನು ಬೈದ. ನನಗೂ ಹಗುರವಾಯಿತು.

ಫೆಬ್ರವರಿ 25, ಸೋಮವಾರ

ಪಕ್ಕದ ಮನೆಯಲ್ಲಿ ಮತ್ತೆ ಮಗ್ಗ, ಮತ್ತೆ ಜಗಳ. ಕನ್ನಡಕ ಹಾಕಿಕೊಂಡ ಮೇಲೆ ಮನೆಯ ಮೂಲೆಯ ಜೇಡರಬಲೆಯೆಲ್ಲ ದೇವಣ್ಣನಿಗೆ ಕಾಣುತ್ತಿದೆಯಂತೆ.

ದೇವೀರಮ್ಮ ಹುರುಳಿ ಸಾರು ತಂದುಕೊಟ್ಟು ಹೊಸಿಲ ಮೇಲೆ ಕುಳಿತಳು. ನೀವು ಶಾಗ್ಯಕ್ಕೆ ಹೋಗಿ ಏನು ಮಾಡಿ ಬಂದಿರಿ ಎಂದಳು. ನಡೆದದ್ದನ್ನು ನಡೆದಂತೆ ಹೇಳಿದೆ.

“ಅಲ್ಲ ಗುಮಾಸ್ತ್ರೆ, ಅಷ್ಟ್ ದೂರ ಓಗಿದ್ದು ಒಬ್ಬಟ್ ತಿನ್ನಕ್ಕಾ?” ಎಂದಳು. “ಆವತ್ತು ಗೌರಮ್ಮ ಕಿರುಚ್ಕಂಡದ್ದು ನನ್ಗೂ ಕೇಳುಸ್ತು. ನೀವು ತಿರುಗ್ಸಿ ಕೂಗ್ತೀರ, ಇಬ್ರೂ ಅಳ್ತೀರ ಅಂತ ಕಾದೆ. ಸದ್ದೇ ಇಲ್ಲ. ಆಗ ನಮ್ಮ ಯಜಮಾನ್ರಿಗೆ ಏಳಿದೆ, ಈ ಹುಡ್ಗಿ ಇಲ್ಲಿ ಇರಲ್ಲ ಅಂತ.”

ಅಕ್ಕಪಕ್ಕದವರಿಗೆ ಕೇಳಿಸುತ್ತದೆ ಎಂದು ನಾನು ಹೇಳಿದ್ದು ಸರಿಯೇ ಆಗಿತ್ತು. ಆದರೆ ಇದರಿಂದ ನನಗೆ ಸಂತೋಷವಾಗಲಿಲ್ಲ.

ಮಾರ್ಚ್ 7, ಗುರುವಾರ

ಶಾಗ್ಯದಿಂದ ಕಾರ್ಡು ಬಂತು. ಪುಟ್ಟಗೌರಮ್ಮನದೇ ಅಕ್ಷರ. ‘ಇಲ್ಲಿ ಕ್ಷೇಮ. ನನ್ನ ಸೀರೆ ಪೆಟ್ಟಿಗೆಯನ್ನು ಯಾರ ಕೈಲಾದರೂ ಕಳಿಸಿಕೊಡುವುದು.’ ಅಷ್ಟೇ.

ಐದು ಸಲ ಓದಿದೆ. ಪರೀಕ್ಷೆಯಲ್ಲಿ ಇದನ್ನು ಭಾಷಾಂತರಿಸಲು ಕೊಟ್ಟರೆ ಒಂದು ನಿಮಿಷದ ಕೆಲಸ.

ಪೆಟ್ಟಿಗೆ ತೆಗೆದು ಸೀರೆಗಳನ್ನು ಮಡಿಸಿಟ್ಟೆ. ಎಲ್ಲಕ್ಕೂ ಕೆಳಗೆ, ಹಳೆಯ ರವಿಕೆಯೊಂದರಲ್ಲಿ ಸುತ್ತಿ, ಒಂದು ಕುಲಾವಿ ಇತ್ತು. ಹಳದಿ ನೂಲಿನದು. ನನ್ನ ಮುಷ್ಟಿಯಷ್ಟೂ ಇಲ್ಲ. ಅವಳು ಯಾವಾಗ ಹೆಣೆದಳೋ ನನಗೆ ಗೊತ್ತೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಏನೂ ಮಾಡಿಡಬಾರದು ಎನ್ನುತ್ತಾರೆ, ಅದಕ್ಕೆ ಬಚ್ಚಿಟ್ಟಿದ್ದಾಳೆ.

ನಾಳೆ ನಾನೇ ಪೆಟ್ಟಿಗೆ ತಲುಪಿಸಿ, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿ, ಸಂಜೆಯ ಬಸ್ಸಿಗೆ ಮೈಸೂರಿಗೆ ಹೋಗುತ್ತೇನೆ. ಎಲ್ಲಕ್ಕೂ ಸಮಯವಿದೆ.

ಮಾರ್ಚ್ 10, ಭಾನುವಾರ

ಶುಕ್ರವಾರ ಹನೂರಿನಲ್ಲಿ ಇಳಿದಾಗ ಗಾಡಿ ಸಿಗಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದೆ. ಶಾಗ್ಯ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ದೊಡ್ಡಮಾದಯ್ಯನವರು ಗಾಬರಿಯಿಂದ ಓಡಿಬಂದು ಪೆಟ್ಟಿಗೆ ಇಳಿಸಿಕೊಂಡರು. ಮಜ್ಜಿಗೆ ಕೊಟ್ಟರು. ಪುಟ್ಟಗೌರಮ್ಮ ಬಂದು, ನನ್ನನ್ನು ನೋಡದೆ, ಜಗಲಿಯ ಮೇಲೇ ಪೆಟ್ಟಿಗೆ ತೆಗೆದಳು. ಸೀರೆಗಳನ್ನು ಒಂದೊಂದಾಗಿ ಎತ್ತಿ ತಳದವರೆಗೂ ಹೋದಳು. ಮತ್ತೆ ಮೇಲಿನಿಂದ ಹುಡುಕಿದಳು.

“ಇದ್ರಲ್ಲಿ ಒಂದ್ ಕುಲಾವಿ ಇತ್ತು” ಎಂದಳು.

ನನ್ನ ಹತ್ತಿರ ಇದೆ ಎಂದೆ. ಕೊಡಿ ಎಂದಳು. ಕೊಡುವುದಿಲ್ಲ ಎಂದೆ. ಹಾಗೆ ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಅದು ನನ್ನ ಅಂಗಿಯ ಜೇಬಿನಲ್ಲಿತ್ತು.

“ನಿಮ್ಗ್ಯಾಕೆ ಅದು?” ಎಂದಳು. “ನೂಲು ತಂದೋಳು ನಾನು, ಎಣೆದೋಳು ನಾನು. ನೀವು ಮಾರ್ನೆ ದಿನ ಅಂಗಿ ಗುಂಡಿ ಆಕ್ಕಂಡು ಆಫೀಸಿಗೆ ಓದೋರು. ಓಗಿ, ನಿಮ್ಮ ಕಾಗ್ದಾನೇ ತಬ್ಕಂಡು ಕೂತ್ಕಳಿ.”

“ಆಫೀಸಿಗೆ ಹೋಗದೆ ಮನೇಲಿ ಕೂತು ಏನು ನೋಡ್ಲಿ?” ಎಂದೆ. “ತೊಟ್ಟಿಲು ಕಟ್ಟೋಕೆ ಅಂತ ನಡುಮನೆ ತೊಲೆಗೆ ಕೊಂಡಿ ಹಾಕಿಸಿದ್ದೆ. ನೀನು ಬೈತೀಯ ಅಂತ ನಿನಗೆ ಹೇಳಿರಲಿಲ್ಲ. ಮಲಗಿದ್ರೂ ಅದೇ ಕಾಣೋದು, ಉಣ್ಣೋಕೆ ಕೂತ್ರೂ ಅದೇ ಕಾಣೋದು. ನಿನಗೊಬ್ಬಳಿಗೇ ಹೋಯ್ತಾ ಮಗು? ನನಗೆ ಅದು ಏನೂ ಆಗ್ಬೇಕಾಗಿರಲಿಲ್ವಾ?”

“ಅಂಗಂತ ಒಂದ್ ದಿನಾನಾದ್ರೂ ಬಾಯ್ಬುಟ್ಟು ಏಳಿದ್ರಾ? ನಾನು ಕಲ್ಲಿನ್ ಜೊತೆ ಸಂಸಾರ ಮಾಡ್ದೆ. ಕಲ್ಗಾದ್ರೂ ಕುಂಕುಮ ಇಟ್ರೆ ದೇವ್ರಾಯ್ತದೆ.”

ದೊಡ್ಡಮಾದಯ್ಯನವರು ನಡುವೆ ಬರಲು ಎದ್ದರು. ಅತ್ತೆ ಅವರ ಟವಲು ಹಿಡಿದು ಕೂರಿಸಿದರು.

“ಸುಮ್ಕಿರಿ. ಆಡ್ಲಿ” ಎಂದರು.

ಆಮೇಲಿನದೆಲ್ಲ ಕ್ರಮವಾಗಿ ನೆನಪಿಲ್ಲ. ಅವಳು ಆಸ್ಪತ್ರೆಯ ಆ ಹಗಲನ್ನು ಗಂಟೆಗಂಟೆಯಾಗಿ ಹೇಳಿದಳು. ಕೂಸು ಒಂದು ಸಲ ನನ್ನ ಬೆರಳು ಹಿಡಿದಿತ್ತು ಎಂದು ನಾನು ಹೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನನ್ನ ತೋಳಿಗೆ ಗುದ್ದಿದಳು, ಎರಡು ಸಲ. ಬೀದಿಯಲ್ಲಿ ಜನ ಸೇರಿದ್ದರು. ಒಬ್ಬಾಕೆ ಮೊರದಲ್ಲಿ ರಾಗಿ ಹಿಡಿದುಕೊಂಡೇ ನಿಂತಿದ್ದಳು. ನಮ್ಮ ಕೂಗಿಗೆ ಕಟ್ಟಿದ ಎತ್ತು ಹಗ್ಗ ಕಿತ್ತುಕೊಂಡಿತು ಎಂದು ಮಾವನವರು ಈಗ ಹೇಳುತ್ತಾರೆ. ಅದು ಉತ್ಪ್ರೇಕ್ಷೆ. ಕೊನೆಗೆ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದೆವು. ಅವಳು ಸೆರಗಿನ ತುದಿಯಿಂದ ನನ್ನ ಕನ್ನಡಕ ಒರೆಸಿಕೊಟ್ಟಳು. ಅದು ಪೂರಾ ಒದ್ದೆಯಾಗಿತ್ತು.

ಎರಡು ದಿನ ಅಲ್ಲೇ ಇದ್ದೆ. ಈ ದಿನ ಬೆಳಗ್ಗೆ ಅವಳೇ ಪೆಟ್ಟಿಗೆ ತುಂಬಿ, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಮಾವನವರು ಗಾಡಿಯಲ್ಲಿ ಹನೂರಿನವರೆಗೆ ಬಿಟ್ಟರು.

ನಿನ್ನೆ ಮೈಸೂರಿನಲ್ಲಿ ಪರೀಕ್ಷೆ ಇತ್ತು. ಬಸ್ಸು ಹತ್ತಿದ ಮೇಲೆ ನೆನಪಾಯಿತು. ಹೇಳಿದೆ. ಪುಟ್ಟಗೌರಮ್ಮನಿಗೆ ಸಿಟ್ಟು ಬಂದು, ಯಾರಾದರೂ ಪರೀಕ್ಷೆ ಮರೆಯುತ್ತಾರೆಯೇ ಎಂದಳು. ಇನ್ನು ನಕಲು ಬರೆಯುವ ಬೆಂಚೇ ಗತಿ.

ಆಮೇಲೆ ಅವಳು, ಕೂಸಿಗೆ ವಸಂತ ಅಂತ ಹೆಸರಿಡಬೇಕು ಎಂದು ತಾನು ಅಂದುಕೊಂಡಿದ್ದಾಗಿ ಹೇಳಿದಳು. ನಾನು ನಮ್ಮ ತಾಯಿಯ ಹೆಸರಿಡಬೇಕೆಂದಿದ್ದೆ.

“ಕೆಂಪಾಜಮ್ಮ ಅಂತಾನಾ?” ಎಂದು ಅವಳು ನನ್ನ ಕಡೆಗೆ ಪೂರ್ತಿ ತಿರುಗಿ ಕುಳಿತಳು. “ಅಷ್ಟ್ ಚಿಕ್ ಕೂಸ್ಗೆ ಅಷ್ಟ್ ದೊಡ್ ಎಸ್ರಾ?”

ಅಮ್ಮನೂ ಹುಟ್ಟಿದಾಗ ಚಿಕ್ಕದಾಗಿಯೇ ಇದ್ದಿರಬೇಕು ಎಂದೆ. ವಸಂತ ಎನ್ನುವುದು ಕರೆಯುವ ಮೊದಲೇ ಮುಗಿದುಹೋಗುತ್ತದೆ ಎಂದೂ ಹೇಳಿದೆ. ಅವಳು ಒಪ್ಪಲಿಲ್ಲ. ಕಂಡಕ್ಟರು ಎರಡು ಸಲ ಬಂದು, ಸ್ವಾಮಿ, ಸ್ವಲ್ಪ ಮೆಲ್ಲಗೆ ಎಂದು ಕೇಳಿಕೊಂಡ. ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, ಕೂಸು ಎಲ್ಲಿ ಎಂದು ವಿಚಾರಿಸಿದಳು. ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಆಮೇಲೆ ಕೊಳ್ಳೇಗಾಲ ಬರುವವರೆಗೂ ಮತ್ತೆ ಅದೇ. ಬಸ್ಸಿನಿಂದ ಇಳಿದು ಮನೆ ಸೇರಿ ದೀಪ ಹಚ್ಚಿಯಾಯಿತು. ಹೆಸರು ಇನ್ನೂ ತೀರ್ಮಾನವಾಗಿಲ್ಲ. ಒಳಗಿನಿಂದ ಕರೆಯುತ್ತಿದ್ದಾಳೆ, ಅವಳಿಗೆ ಇನ್ನೊಂದು ಕಾರಣ ಹೊಳೆದಿದೆಯಂತೆ.